ಬೀದಿಯಲ್ಲಿರುವವರ ಮನೋರೋಗ ಮತ್ತು ಕುಡಿತ: ಮೊದಲು ಯಾವುದಕ್ಕೆ ಚಿಕಿತ್ಸೆ?

ಪ್ರಶ್ನೆ: ನಾನು ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಬಸ್ ನಿಲ್ದಾಣದ ಹತ್ತಿರ ಬೇಕರಿ ನಡೆಸುತ್ತಿದ್ದೇನೆ. ಎರಡು ವರ್ಷಗಳಿಂದ, ನಲವತ್ತರ ಆಸುಪಾಸಿನ ಒಬ್ಬರು ಪಕ್ಕದ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಮಲಗುತ್ತಾರೆ. ತಮ್ಮಷ್ಟಕ್ಕೆ ಮಾತನಾಡುತ್ತಾರೆ. ಯಾರೋ ಬೈಯುತ್ತಿದ್ದಾರೆ ಎಂದು ಕಿವಿ ಮುಚ್ಚಿಕೊಳ್ಳುತ್ತಾರೆ. ಬೆಳಿಗ್ಗೆ ಏಳಕ್ಕೇ ಕುಡಿಯಬೇಕು, ಇಲ್ಲದಿದ್ದರೆ ಕೈ ನಡುಗುತ್ತದೆ. ಒಮ್ಮೆ ಆಸ್ಪತ್ರೆಗೆ ಕರೆದೊಯ್ದೆ. ‘ಮೊದಲು ಕುಡಿತ ಬಿಡಿಸಿಕೊಂಡು ಬನ್ನಿ’ ಎಂದರು. ವ್ಯಸನಮುಕ್ತಿ ಕೇಂದ್ರಕ್ಕೆ ಫೋನ್ ಮಾಡಿದರೆ ‘ತಲೆ ಸರಿಯಿಲ್ಲದವರನ್ನು ಸೇರಿಸಿಕೊಳ್ಳುವುದಿಲ್ಲ’ ಎಂದರು. ಪೊಲೀಸರಿಗೆ ಒಪ್ಪಿಸಿ ಎನ್ನುವವರಿದ್ದಾರೆ. ವೈನ್ ಶಾಪಿನವರಿಗೆ ಹೇಳಿ ಇವರಿಗೆ ಮಾರದಂತೆ ಮಾಡೋಣ ಎನ್ನುವವರೂ ಇದ್ದಾರೆ. ನಾನು ಏನು ಮಾಡಲಿ? ಊಟ ಕೊಡುವುದು ಸರಿಯೇ, ಅಥವಾ ಅದರಿಂದ ಅವರು ಅಲ್ಲಿಯೇ ಉಳಿಯುವಂತೆ ಮಾಡುತ್ತಿದ್ದೇನೆಯೇ?

ಉತ್ತರ: ವೈನ್ ಶಾಪಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಜೀವಾಪಾಯವಿದೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಲು ಬಿಡಬೇಡಿ. ಬೆಳಿಗ್ಗೆ ಏಳಕ್ಕೆ ಕುಡಿಯದಿದ್ದರೆ ಕೈ ನಡುಗುತ್ತದೆ ಎಂದು ನೀವೇ ಬರೆದಿದ್ದೀರಿ. ಅಂದರೆ ಅವರ ಮಿದುಳು ಮದ್ಯಕ್ಕೆ ಒಗ್ಗಿಹೋಗಿದೆ. ಅಂಥವರಿಗೆ ಒಮ್ಮೆಲೇ ಮದ್ಯ ತಪ್ಪಿಸಿದರೆ ಆರೇಳು ಗಂಟೆಗಳಲ್ಲಿ ನಡುಕ, ಬೆವರು, ವಾಂತಿ ಶುರುವಾಗುತ್ತವೆ. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಜ್ವರ, ದಿಕ್ಕುತಪ್ಪಿದ ಮಾತು, ಗೋಡೆಯ ಮೇಲೆ ಹುಳ ಹರಿದಾಡುವುದು ಕಾಣುವಂಥ ಸನ್ನಿ ಹಿಡಿಯಬಹುದು. ಚಿಕಿತ್ಸೆಯಿಲ್ಲದೆ ಹೋದರೆ ಆ ಸನ್ನಿಯಲ್ಲಿ ಜನ ಸಾಯುತ್ತಾರೆ. ಕುಡಿತ ನಿಲ್ಲಿಸಬೇಕಾದದ್ದು ಆಸ್ಪತ್ರೆಯ ಹಾಸಿಗೆಯ ಮೇಲೆ, ಲೋರಾಜೆಪಾಮ್ ಅಥವಾ ಡಯಾಜೆಪಾಮ್‌ನಂಥ ಔಷಧವನ್ನು ಕೊಟ್ಟು ದಿನದಿನಕ್ಕೆ ಇಳಿಸುತ್ತಾ. ಹಾಗೆಯೇ, ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ’ ಎಂದು ಮಾರುವ ಪುಡಿ, ಮಾತ್ರೆಗಳ ಹತ್ತಿರವೂ ಹೋಗಬೇಡಿ. ಅವುಗಳಲ್ಲಿ ಇರಬಹುದಾದ ಡೈಸಲ್ಫಿರಾಮ್ ಎಂಬ ಔಷಧ ಹೊಟ್ಟೆಯಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ತಿಳಿದು ಒಪ್ಪಿದವರಿಗೆ ಮಾತ್ರ ಕೊಡಬೇಕಾದ ಔಷಧ ಅದು.

ನಿಮ್ಮನ್ನು ಎರಡು ಕಡೆಯಿಂದ ವಾಪಸ್ ಕಳಿಸಿದ್ದನ್ನು ಓದಿ ಬೇಸರವಾಯಿತು, ಆಶ್ಚರ್ಯವಾಗಲಿಲ್ಲ. ‘ಮೊದಲು ಇದು, ಆಮೇಲೆ ಅದು’ ಎಂಬ ಪದ್ಧತಿ ವೈದ್ಯರಾದ ನಮ್ಮ ವೃತ್ತಿಯ ಹಳೆಯ ಕೆಟ್ಟ ಅಭ್ಯಾಸ. ಮನೆಯಿರುವ ರೋಗಿಗೆ ಇದು ಕಷ್ಟ ಕೊಡುತ್ತದೆ, ಬೀದಿಯಲ್ಲಿರುವವರಿಗಂತೂ ಚಿಕಿತ್ಸೆಯನ್ನೇ ಇಲ್ಲವಾಗಿಸುತ್ತದೆ. ಇದು ಕೇವಲ ನನ್ನ ಅಭಿಪ್ರಾಯವಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಮನೋರೋಗಕ್ಕೆ ಕೊಟ್ಟಿರುವ ವ್ಯಾಖ್ಯೆಯೊಳಗೇ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳು ಸೇರಿವೆ. ಕುಡಿತ ಬೇರೆ ಇಲಾಖೆ, ಮನಸ್ಸು ಬೇರೆ ಇಲಾಖೆ ಎಂದು ಆ ಕಾಯ್ದೆ ವಿಂಗಡಿಸಿಲ್ಲ. ಅದರ 18ನೆಯ ಕಲಂ ಪ್ರಕಾರ ಬಡತನ ರೇಖೆಗಿಂತ ಕೆಳಗಿರುವವರಿಗೆ, ಬಿಪಿಎಲ್ ಕಾರ್ಡ್ ಇರಲಿ ಇಲ್ಲದಿರಲಿ, ಹಾಗೂ ನಿರ್ಗತಿಕರಿಗೆ, ಮನೆಯಿಲ್ಲದವರಿಗೆ ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣ ಪಡೆಯುವ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಸಂಪೂರ್ಣ ಉಚಿತ. ಮುಂದಿನ ಬಾರಿ ಹೋದಾಗ ಈ ಎರಡು ಮಾತುಗಳನ್ನು ಶಾಂತವಾಗಿ, ಆದರೆ ಬಿಡದೆ ಹೇಳಿ.

ಅವರು ಕುಡಿಯುವುದರಿಂದ ಧ್ವನಿಗಳು ಕೇಳಿಸುತ್ತಿವೆಯೇ, ಧ್ವನಿಗಳನ್ನು ತಾಳಲಾರದೆ ಕುಡಿಯುತ್ತಿದ್ದಾರೆಯೇ? ಎರಡೂ ಸಾಧ್ಯ. ದೀರ್ಘಕಾಲ ಕುಡಿದವರಿಗೆ ಮದ್ಯದಿಂದಲೇ ಬೈಗುಳದ ಧ್ವನಿಗಳು ಕೇಳಿಸುವುದುಂಟು. ಸ್ಕಿಜೋಫ್ರೀನಿಯಾ, ಅಂದರೆ ಇಲ್ಲದ ಧ್ವನಿ ಕೇಳಿಸುವ, ಭ್ರಮೆ ಹುಟ್ಟಿಸುವ ತೀವ್ರ ಮನೋರೋಗ, ಇರುವವರಿಗೆ ಕುಡಿದಾಗ ಆ ಧ್ವನಿಗಳು ಸ್ವಲ್ಪ ಹೊತ್ತು ದೂರ ಸರಿದಂತೆ ಅನ್ನಿಸುವುದೂ ಉಂಟು. ನಿಖರವಾಗಿ ಹೇಳಬೇಕಾದರೆ ಕೆಲವು ವಾರ ಮದ್ಯವಿಲ್ಲದ ಸ್ಥಿತಿಯಲ್ಲಿ ಗಮನಿಸಬೇಕಾಗುತ್ತದೆ. ಆದರೆ ಅದು ಗೊತ್ತಾಗುವವರೆಗೆ ಚಿಕಿತ್ಸೆಯನ್ನು ತಡೆಹಿಡಿಯಬೇಕೆಂದು ಯಾವ ವೈದ್ಯಶಾಸ್ತ್ರವೂ ಹೇಳುವುದಿಲ್ಲ. ಎರಡಕ್ಕೂ ಒಟ್ಟಿಗೆ, ಸಾಧ್ಯವಾದರೆ ಒಂದೇ ತಂಡದಿಂದ, ಚಿಕಿತ್ಸೆ ಶುರು ಮಾಡಬೇಕು.

ಬೀದಿಯಲ್ಲಿ ಕುಡಿತಕ್ಕಿರುವ ಕಾರಣಗಳನ್ನು ಬೀದಿಯಲ್ಲಿ ನಿಂತೇ ನೋಡಬೇಕು. ಚಳಿ, ಸೊಳ್ಳೆ, ರಾತ್ರಿ ಯಾರು ಬಂದು ಒದೆಯುತ್ತಾರೋ ಎಂಬ ಭಯ, ಹಸಿವು. ಇವೆಲ್ಲದರ ನಡುವೆ ನಿದ್ದೆ ಬರಬೇಕಲ್ಲ. ತೊಂಬತ್ತು ಎಂಎಲ್‌ನ ಒಂದು ಪ್ಯಾಕೆಟ್ ಅವರಿಗೆ ಕಂಬಳಿಯೂ ಹೌದು, ನಿದ್ದೆ ಮಾತ್ರೆಯೂ ಹೌದು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ. ಅದಾದ ಮೇಲೂ ಬೀದಿಯ ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ಟಿನ ಹೆಸರು ಬದಲಾಯಿತು. ವಯಸ್ಸಿನಲ್ಲಿ ಚಿಕ್ಕವರಾದರೆ ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಮೂಸುವುದು, ಗಾಂಜಾ, ನೋವಿನ ಮಾತ್ರೆಗಳನ್ನು ಅತಿಯಾಗಿ ನುಂಗುವುದು ಇವೂ ಸೇರಿಕೊಂಡಿರುತ್ತವೆ.

ಬೀದಿಯಲ್ಲಿರುವವರು ಔಷಧ ಬಿಟ್ಟುಬಿಡುತ್ತಾರೆ ಎಂದು ಆಸ್ಪತ್ರೆಗಳಲ್ಲಿ ಹೇಳುವ ದೂರಿಗೂ ಇದೇ ಉತ್ತರ. ವೃತ್ತಿಯ ಆರಂಭದ ವರ್ಷಗಳಲ್ಲಿ ನಾನು ಒಬ್ಬರನ್ನು ವಾರ್ಡಿನಿಂದ ಬಿಡುಗಡೆ ಮಾಡಿದ್ದೆ. ಹದಿನೈದು ದಿನಗಳ ಮಾತ್ರೆ ಬರೆದುಕೊಟ್ಟು, ರಾತ್ರಿ ಊಟವಾದ ಮೇಲೆ ನುಂಗಿ ಎಂದೆ. ಆ ಮನುಷ್ಯನಿಗೆ ರಾತ್ರಿ ಊಟವಿರಲಿಲ್ಲ. ಮಾತ್ರೆ ನುಂಗಿದರೆ ಗಾಢ ನಿದ್ದೆ. ಮೊದಲ ರಾತ್ರಿಯೇ ಚೀಲ, ಚಪ್ಪಲಿ ಕಳುವಾದವು. ಮಾತ್ರೆಯೂ ಚೀಲದೊಳಗೇ ಇತ್ತು. ಮೂರನೆಯ ದಿನ ಅವರು ಮತ್ತೆ ಕುಡಿಯುತ್ತಿದ್ದರು. ನಮ್ಮ ಕಡತದಲ್ಲಿ ‘ಔಷಧ ಸೇವನೆಯಲ್ಲಿ ಅಸಹಕಾರ’ ಎಂದು ಬರೆಯಲಾಯಿತು. ಆ ಸಾಲು ಬರೆದದ್ದು ನಾನೇ. ಅಂದಿನಿಂದ ಔಷಧ ಬರೆಯುವ ಮೊದಲು ‘ರಾತ್ರಿ ಎಲ್ಲಿ ಮಲಗುತ್ತೀರಿ, ಸಾಮಾನು ಎಲ್ಲಿಡುತ್ತೀರಿ’ ಎಂದು ಕೇಳುತ್ತೇನೆ. ಬೀದಿಯಲ್ಲಿರುವವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ, ಮನೋರೋಗಕ್ಕೆ ದೀರ್ಘಕಾಲ ಕೆಲಸ ಮಾಡುವ ಇಂಜೆಕ್ಷನ್‌ಗಳಿವೆ. ಫ್ಲುಫೆನಾಜಿನ್, ಹ್ಯಾಲೊಪೆರಿಡಾಲ್ ಇವು ಹಳೆಯ, ಕಡಿಮೆ ಬೆಲೆಯ ಔಷಧಗಳು. ಅಡ್ಡಪರಿಣಾಮಗಳಿವೆ, ಅವರ ಒಪ್ಪಿಗೆ ಬೇಕು. ಆದರೂ ಕಟ್ಟೆಯ ಮೇಲೆ ಮಲಗುವವರ ಮಟ್ಟಿಗೆ ಇದು ಕಳುವಾಗದ ಔಷಧ. ವೈದ್ಯರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಈಗ ನಿಮ್ಮ ಊಟದ ಪ್ರಶ್ನೆ. ಕೊಡಿ. ನಿಮ್ಮ ಬನ್ನಿನ ಆಸೆಗೆ ಯಾರೂ ಎರಡು ವರ್ಷ ಕಟ್ಟೆಯ ಮೇಲೆ ಮಲಗುವುದಿಲ್ಲ. ಅಷ್ಟೇ ಅಲ್ಲ, ಹೆಚ್ಚು ಕುಡಿದು ಕಡಿಮೆ ತಿನ್ನುವವರ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಅದು ತೀರಾ ಕಡಿಮೆಯಾದರೆ ನಡಿಗೆ ತೂರಾಡುತ್ತದೆ, ಕಣ್ಣಿನ ಚಲನೆ ತಪ್ಪುತ್ತದೆ, ಗೊಂದಲ ಹಿಡಿಯುತ್ತದೆ. ನೋಡುವವರಿಗೆ ‘ಇವತ್ತು ಜಾಸ್ತಿ ಹಾಕಿದ್ದಾನೆ’ ಎನ್ನಿಸುತ್ತದೆ. ಬೇಗ ಥಯಾಮಿನ್ ಕೊಡದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಆಸ್ಪತ್ರೆಗೆ ಹೋದಾಗ ಗ್ಲೂಕೋಸ್ ಹಾಕುವ ಮೊದಲು ‘ಇವರು ಬಹಳ ಕುಡಿಯುತ್ತಾರೆ, ಸರಿಯಾಗಿ ಊಟ ಮಾಡಿಲ್ಲ’ ಎಂದು ತಪ್ಪದೆ ಹೇಳಿ. ಥಯಾಮಿನ್ ಇಲ್ಲದೆ ಬರೀ ಗ್ಲೂಕೋಸ್ ಹಾಕಿದರೆ ಆ ಸ್ಥಿತಿ ಕೆರಳಬಹುದು. ನಿಮ್ಮ ಕೈಯಲ್ಲಿ ಸಾಧ್ಯವಾದರೆ ಬನ್ನಿನ ಜೊತೆ ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಶೇಂಗಾ ಕೊಡಿ. ಹಣಕ್ಕಿಂತ ಇದು ಒಳ್ಳೆಯದು.

ಊಟಕ್ಕೆ ಇನ್ನೊಂದು ಉಪಯೋಗವಿದೆ. ನನ್ನ ಅನುಭವದಲ್ಲಿ ಅದು ಮೊದಲನೆಯದಕ್ಕಿಂತ ದೊಡ್ಡದು. ದಿನವೂ ಒಂದೇ ಹೊತ್ತಿಗೆ ಒಂದೇ ಮುಖ ಕಾಣುವುದು ಬೀದಿಯಲ್ಲಿರುವವರಿಗೆ ಅಪರೂಪ. ಕೋಲ್ಕತ್ತಾದ ಈಶ್ವರ ಸಂಕಲ್ಪ ಎಂಬ ಸಂಸ್ಥೆ ಬೀದಿಯಲ್ಲಿರುವ ಮನೋರೋಗಿಗಳಿಗೆ ಬೀದಿಯಲ್ಲಿಯೇ ಚಿಕಿತ್ಸೆ ಕೊಡುತ್ತದೆ. ಅವರ ಕೆಲಸ ನಿಂತಿರುವುದು ನಿಮ್ಮಂಥವರ ಮೇಲೆಯೇ. ರೋಗಿಗೆ ಆಗಲೇ ಪರಿಚಯವಿರುವ ಚಹಾ ಅಂಗಡಿಯವರು, ಬೀದಿ ವ್ಯಾಪಾರಿಗಳು ಊಟದ ಜೊತೆ ಔಷಧವನ್ನೂ ನೆನಪಿಸಿ ಕೊಡುತ್ತಾರೆ. ವೈದ್ಯರು, ಸಮಾಜ ಕಾರ್ಯಕರ್ತರು ಆಗಾಗ ಬಂದು ನೋಡುತ್ತಾರೆ. ನೀವು ಎರಡು ವರ್ಷಗಳಿಂದ ಮಾಡುತ್ತಿರುವುದು ಆ ಕೆಲಸದ ಅರ್ಧ.

ಹತ್ತಿರ ಹೋಗುವ ಕ್ರಮ ಸರಳ. ಹಿಂದಿನಿಂದ ಹೋಗಬೇಡಿ. ನಿಂತು ಮಾತನಾಡಬೇಡಿ, ಒಂದು ತೋಳಿನಷ್ಟು ದೂರ ಬಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಹೆಸರು ಗೊತ್ತಿಲ್ಲದಿದ್ದರೆ ‘ಅಣ್ಣಾ’ ಎನ್ನಿ. ಎರಡು ವರ್ಷಗಳಲ್ಲಿ ಅವರನ್ನು ಹಾಗೆ ಕರೆದವರು ಎಷ್ಟು ಮಂದಿ ಇರಬಹುದು? ಧ್ವನಿ ಕೇಳಿಸುತ್ತದೆ ಎಂದರೆ ‘ಹಾಗೇನೂ ಇಲ್ಲ, ನಿನ್ನ ಭ್ರಮೆ’ ಎಂದು ವಾದಿಸಬೇಡಿ, ‘ಹೌದು, ನನಗೂ ಕೇಳಿಸುತ್ತಿದೆ’ ಎಂದು ಸುಳ್ಳನ್ನೂ ಹೇಳಬೇಡಿ. ‘ನನಗೆ ಕೇಳಿಸುತ್ತಿಲ್ಲ, ಆದರೆ ನಿಮಗೆ ಬಹಳ ಹಿಂಸೆಯಾಗುತ್ತಿದೆ ಅಲ್ಲವೇ’ ಎಂದರೆ ಸಾಕು. ಕುಡಿತದ ಬಗ್ಗೆ ಮೊದಲ ದಿನವೇ ಉಪದೇಶ ಬೇಡ. ಕಾಲಿನ ಗಾಯ, ಕೆಮ್ಮು, ಹಲ್ಲುನೋವು, ನಿದ್ದೆ ಇವುಗಳ ಬಗ್ಗೆ ಕೇಳಿ. ಮನಸ್ಸಿನ ವೈದ್ಯರ ಬಳಿ ಬಾರದ ಎಷ್ಟೋ ಮಂದಿ ಕಾಲಿನ ಹುಣ್ಣಿಗೆ ಬ್ಯಾಂಡೇಜ್ ಕಟ್ಟಿಸಿಕೊಳ್ಳಲು ಆಸ್ಪತ್ರೆಯೊಳಗೆ ಬಂದಿದ್ದಾರೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು. ಮೊಬೈಲಿನಲ್ಲಿ ವಿಡಿಯೊ ಮಾಡಿ ‘ಇವರ ಮನೆಯವರನ್ನು ಹುಡುಕಿ’ ಎಂದು ಹರಿಬಿಡುವುದು ಬೇಡ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅವರು ಚೇತರಿಸಿಕೊಂಡ ಮೇಲೂ ಆ ವಿಡಿಯೊ ಉಳಿದಿರುತ್ತದೆ.

ಆಸ್ಪತ್ರೆಗೆ ಹೋಗುವ ಮೊದಲು 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ, ಮಾನಸಿಕ ಆರೋಗ್ಯಕ್ಕಾಗಿರುವ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ರೋಗಿಯೇ ಮಾತನಾಡಬೇಕೆಂದಿಲ್ಲ, ನೀವು ಕೇಳಬಹುದು. ವ್ಯಸನಕ್ಕೆಂದೇ 14446 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ನಿಮ್ಮ ಜಿಲ್ಲೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. ಜಿಲ್ಲಾ ಆಸ್ಪತ್ರೆಗೆ ಹೋಗಿ ಆ ಹೆಸರನ್ನೇ ಹೇಳಿ ಕೇಳಿ. ಮನೋವೈದ್ಯರಿಗಿಂತ ಮೊದಲು ಆ ತಂಡದ ಸಮಾಜ ಕಾರ್ಯಕರ್ತರನ್ನು ಭೇಟಿಯಾಗಿ, ಸಾಧ್ಯವಾದರೆ ಅವರನ್ನು ಒಮ್ಮೆ ಕಟ್ಟೆಯ ಹತ್ತಿರ ಕರೆತನ್ನಿ. ಕುಡಿತವೂ ಮನೋರೋಗವೂ ಗಂಭೀರವಾಗಿ ಹೆಣೆದುಕೊಂಡಿದ್ದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇಂಥ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಆ ತಂಡದವರೇ ಪತ್ರ ಕೊಡಬಲ್ಲರು.

ಬಹಳ ಆಸ್ಪತ್ರೆಗಳಲ್ಲಿ ‘ಜೊತೆಗೆ ಯಾರಿದ್ದಾರೆ’ ಎಂಬ ಪ್ರಶ್ನೆಯಲ್ಲಿಯೇ ಎಲ್ಲವೂ ನಿಂತುಹೋಗುತ್ತದೆ. ಇದಕ್ಕೆ ಕಾಯ್ದೆಯಲ್ಲಿ ಒಂದು ದಾರಿಯಿದೆ, ಹೆಚ್ಚು ಜನರಿಗೆ ಗೊತ್ತಿಲ್ಲ. 14ನೆಯ ಕಲಂ ಪ್ರಕಾರ ವಯಸ್ಕರೊಬ್ಬರು ಬಿಳಿ ಹಾಳೆಯಲ್ಲಿ ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿ, ತಮಗೆ ಬೇಕಾದವರನ್ನು ನಾಮನಿರ್ದೇಶಿತ ಪ್ರತಿನಿಧಿಯಾಗಿ ನೇಮಿಸಿಕೊಳ್ಳಬಹುದು. ಪ್ರತಿನಿಧಿ ರಕ್ತಸಂಬಂಧಿಯೇ ಆಗಿರಬೇಕೆಂದಿಲ್ಲ. ಕಟ್ಟೆಯ ಮೇಲಿರುವವರು ಒಪ್ಪಿದರೆ, ನೀವೂ ಒಪ್ಪಿದರೆ, ಅದು ನೀವೇ ಆಗಬಹುದು. ನಿಮ್ಮ ಮೇಲೆ ಭಾರ ಹೊರಿಸುತ್ತಿಲ್ಲ. ಖರ್ಚು ನಿಮ್ಮದಾಗುವುದಿಲ್ಲ, ಬೇಡವಾದಾಗ ಬಿಡಲೂ ಬಹುದು. ಆದರೆ ವೈದ್ಯರು ಚಿಕಿತ್ಸೆಯ ಬಗ್ಗೆ ಮಾತನಾಡಲು, ತೀರ್ಮಾನ ತೆಗೆದುಕೊಳ್ಳಲಾಗದಷ್ಟು ಕಾಯಿಲೆ ಉಲ್ಬಣಿಸಿದಾಗ ದಾಖಲಾತಿಗೆ ಅರ್ಜಿ ಕೊಡಲು ಒಬ್ಬರಿರುತ್ತಾರೆ. ಯಾರೂ ಇಲ್ಲದಿದ್ದರೆ ಪ್ರತಿನಿಧಿಯನ್ನು ನೇಮಿಸುವ ಹೊಣೆ ಅದೇ ಕಾಯ್ದೆಯಡಿ ರಚಿಸುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯದು. ಆಸ್ಪತ್ರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುವಂತಿಲ್ಲ.

ಪೊಲೀಸರ ವಿಷಯದಲ್ಲಿ ನನ್ನ ನಿಲುವು ಇದು: ಕಟ್ಟೆಯ ಮೇಲಿರುವವರು ತಮಗೋ ಇತರರಿಗೋ ಅಪಾಯ ಮಾಡುವ ಸ್ಥಿತಿಯಲ್ಲಿದ್ದರೆ, ಅಥವಾ ತಮ್ಮನ್ನು ತಾವು ನೋಡಿಕೊಳ್ಳಲಾಗದಷ್ಟು ಹದಗೆಟ್ಟಿದ್ದರೆ, 112ಕ್ಕೆ ಕರೆ ಮಾಡಿ. ‘ಹುಚ್ಚನನ್ನು ಎತ್ತಿಕೊಂಡು ಹೋಗಿ’ ಎನ್ನಬೇಡಿ, ‘ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೆಯ ಕಲಂ ಪ್ರಕಾರ ರಕ್ಷಣೆ ಬೇಕು’ ಎನ್ನಿ. ಆ ಕಲಂ ಪೊಲೀಸರ ಮೇಲೆ ಕರ್ತವ್ಯ ಹೊರಿಸುತ್ತದೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದು, ಕಾಣೆಯಾದವರ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕಬೇಕು. ಆದರೆ ಭಿಕ್ಷುಕರ ಹೆಸರಿನಲ್ಲಿ ಎತ್ತಿಕೊಂಡು ಹೋಗುವುದಕ್ಕೆ ದಾರಿ ಮಾಡಿಕೊಡಬೇಡಿ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದ್ದು, ಅದರಡಿ ನಡೆಯುವ ಕೇಂದ್ರಗಳು ಮನೋರೋಗದ ಆಸ್ಪತ್ರೆಗಳಲ್ಲ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ನಾನು ಮರೆತಿಲ್ಲ.

ಖಾಸಗಿ ವ್ಯಸನಮುಕ್ತಿ ಕೇಂದ್ರಗಳ ಬಗ್ಗೆಯೂ ಎಚ್ಚರ. ಒಳ್ಳೆಯವೂ ಇವೆ. ಆದರೆ ಗಾಡಿ ತಂದು ಬಲವಂತವಾಗಿ ಎತ್ತಿಕೊಂಡು ಹೋಗಿ, ಕೂಡಿಹಾಕಿ, ಹೊಡೆದು ‘ಬಿಡಿಸುವ’ ಜಾಗಗಳೂ ಇವೆ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ವಾರಕ್ಕೆ ಎಷ್ಟು ಸಲ ಮನೋವೈದ್ಯರು ಬರುತ್ತಾರೆ, ನಾನು ಬಂದು ಮಾತನಾಡಿಸಬಹುದೇ ಎಂದು ಕೇಳಿ. ಸರಪಳಿ ಹಾಕುವುದನ್ನು ಕಾಯ್ದೆಯ 95ನೆಯ ಕಲಂ ಯಾವ ರೂಪದಲ್ಲಿಯೂ ನಿಷೇಧಿಸಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು. ಅದಾಗಿ ಇಷ್ಟು ವರ್ಷಗಳ ಮೇಲೂ ಈ ಮಾತನ್ನು ಬರೆಯಬೇಕಾಗಿದೆ.

ಚಿಕಿತ್ಸೆಯೇನೋ ಆಯಿತು ಎನ್ನೋಣ. ಆಮೇಲೆ ಎಲ್ಲಿಗೆ? ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇದು. ಮತ್ತೆ ಅದೇ ಕಟ್ಟೆಗೆ ಬಂದರೆ ಕೆಲವೇ ವಾರಗಳಲ್ಲಿ ಮೊದಲಿನ ಸ್ಥಿತಿ ಮರಳುವುದನ್ನು ಲೆಕ್ಕವಿಲ್ಲದಷ್ಟು ಬಾರಿ ನೋಡಿದ್ದೇನೆ. ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ವಸತಿರಹಿತರ ತಂಗುದಾಣ ಇರಬೇಕೆಂಬ ನಿಯಮವಿದೆ. ನಿಮ್ಮ ನಗರಸಭೆ ಅಥವಾ ಪಾಲಿಕೆಯಲ್ಲಿ ವಿಚಾರಿಸಿ. ಕುಡಿದವರನ್ನು, ತಮ್ಮಷ್ಟಕ್ಕೆ ಮಾತನಾಡುವವರನ್ನು ಬಾಗಿಲಲ್ಲೇ ತಡೆಯುವ ರೂಢಿ ಅಲ್ಲಿಯೂ ಇದೆ. ತಂಗುದಾಣದ ಮೇಲ್ವಿಚಾರಕರ ಭಯ ನನಗೆ ಅರ್ಥವಾಗುತ್ತದೆ. ರಾತ್ರಿ ಗಲಾಟೆಯಾದರೆ ಒಬ್ಬಂಟಿಯಾಗಿ ನಿಭಾಯಿಸಬೇಕಾದವರು ಅವರು. ಹಾಗಾಗಿ ಜಗಳವಾಡದೆ, ಜಿಲ್ಲಾ ತಂಡದ ಸಮಾಜ ಕಾರ್ಯಕರ್ತರ ಫೋನ್ ನಂಬರ್ ಅವರ ಕೈಗೆ ಕೊಡಿಸಿ. ಕರೆದರೆ ಯಾರಾದರೂ ಬರುತ್ತಾರೆ ಎಂಬ ಧೈರ್ಯವಿದ್ದರೆ ಬಾಗಿಲು ತೆರೆಯುವ ಸಂಭವ ಹೆಚ್ಚು.

‘ಕುಡಿತ ಬಿಟ್ಟರೆ ಸೂರು’ ಎಂಬ ಕ್ರಮವನ್ನೇ ತಿರುಗಿಸಿ ಹಾಕಿದವರಿದ್ದಾರೆ. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಬೀದಿಯಲ್ಲಿದ್ದ ಮನೋರೋಗಿಗಳಿಗೆ ಯಾವ ಷರತ್ತೂ ಇಲ್ಲದೆ ಮೊದಲು ಮನೆ ಕೊಟ್ಟು, ಆಮೇಲೆ ಚಿಕಿತ್ಸೆಯ ಮಾತು ತೆಗೆದರು. ಕೆನಡಾ 2009ರಿಂದ 2013ರವರೆಗೆ ಐದು ನಗರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಇದನ್ನು ಪರೀಕ್ಷಿಸಿತು. ಕೊನೆಯ ಆರು ತಿಂಗಳು ಪೂರ್ತಿ ಮನೆಯಲ್ಲಿಯೇ ಉಳಿದವರು, ಮೊದಲು ಮನೆ ಪಡೆದ ಗುಂಪಿನಲ್ಲಿ ಶೇಕಡ 62, ಎಂದಿನ ಸೇವೆ ಪಡೆದ ಗುಂಪಿನಲ್ಲಿ ಶೇಕಡ 31. ಕುಡಿತ, ಮಾದಕ ವಸ್ತುಗಳ ವಿಷಯದಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಅಂಥ ಅಂತರ ಕಾಣಲಿಲ್ಲ. ಮನೆ ಸಿಕ್ಕ ಮಾತ್ರಕ್ಕೆ ಚಟ ಬಿಡುವುದಿಲ್ಲ, ಆದರೆ ಕುಡಿಯುವವರೂ ಮನೆಯಲ್ಲಿ ಬಾಳಬಲ್ಲರು. ನಮ್ಮ ನೆರೆಯ ಚೆನ್ನೈನಲ್ಲಿ 1993ರಿಂದ ಇರುವ ಬನ್ಯನ್ ಸಂಸ್ಥೆ, ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಉಳಿದುಹೋದವರನ್ನು ನಾಲ್ಕೈದು ಮಂದಿಯಂತೆ ಬಾಡಿಗೆ ಮನೆಗಳಲ್ಲಿ, ಸಾಮಾನ್ಯ ಬೀದಿಗಳಲ್ಲಿಯೇ, ಒಬ್ಬ ಸಹಾಯಕರ ಜೊತೆ ಇರಿಸಿ ನಡೆಸುತ್ತಿದೆ. ನಮ್ಮ ಜಿಲ್ಲೆಗಳಿಗೆ ಹೊಂದುವ ಮಾದರಿ ಇದೇ ಎಂಬುದು ನನ್ನ ದೃಢ ನಂಬಿಕೆ. ಇದಕ್ಕೆ ಬೇಕಾಗುವುದು ದೊಡ್ಡ ಕಟ್ಟಡವಲ್ಲ, ಬಾಡಿಗೆಗೆ ಕೊಡಲು ಒಪ್ಪುವ ಮನೆ ಮಾಲೀಕರು.

ಮನೆಯವರನ್ನು ಹುಡುಕುವ ಮೊದಲು ಅವರನ್ನೇ ಕೇಳಿ. ಊರಿನ ಹೆಸರು ಹೇಳಿದ ಕೂಡಲೇ ಅಲ್ಲಿಗೆ ಕರೆದೊಯ್ದು ಬಿಟ್ಟು ಬರುವುದು ಕೆಲವೊಮ್ಮೆ ಕ್ರೌರ್ಯವಾಗುತ್ತದೆ. ಕೆಲವರು ಮನೆಯಿಂದ ತಪ್ಪಿಸಿಕೊಂಡವರು, ಕೆಲವರು ತಪ್ಪಿಸಿಹೋದವರು. ಚಿಕಿತ್ಸೆ ಹಿಡಿದ ಮೇಲೆ, ಅವರು ಬಯಸಿದರೆ, ಆ ಕೆಲಸ.

ಅವರು ಮತ್ತೆ ಕುಡಿಯುತ್ತಾರೆ, ಇದಕ್ಕೆ ಸಿದ್ಧರಾಗಿರಿ. ಕುಡಿದ ದಿನವೂ ಊಟ ಕೊಡಿ, ಇಂಜೆಕ್ಷನ್ನಿನ ದಿನಾಂಕ ನೆನಪಿಸಿ. ಅಳೆಯಬೇಕಾದದ್ದು ಬಿಟ್ಟರೋ ಇಲ್ಲವೋ ಎಂಬುದನ್ನಲ್ಲ. ಬೆಳಿಗ್ಗೆ ಏಳರ ಬದಲು ಸಂಜೆ ಕುಡಿದರೇ, ಈ ತಿಂಗಳು ಎಷ್ಟು ರಾತ್ರಿ ಸೂರಿನಡಿ ಮಲಗಿದರು, ಸ್ನಾನ ಮಾಡಿದರೇ, ನಿಮ್ಮನ್ನು ಹೆಸರು ಹಿಡಿದು ಕರೆದರೇ ಎಂಬುದನ್ನು ನೋಡಿ. ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡಿ. ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ಎಂದಿಗಿಂತ ಬೇರೆ ರೀತಿಯ ಗೊಂದಲ ಕಂಡರೆ, ‘ಕುಡಿದು ಬಿದ್ದಿದ್ದಾನೆ’ ಎಂದು ಬಿಡಬೇಡಿ. ತಲೆಗೆ ಪೆಟ್ಟಾಗಿ ಒಳಗೆ ರಕ್ತ ಸುರಿದಿರಬಹುದು, ಸಕ್ಕರೆ ಇಳಿದಿರಬಹುದು. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ.

ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ಒಂದು ಚೀಟಿ ಬರೆದಿಟ್ಟುಕೊಳ್ಳಿ. ಯಾವಾಗಿನಿಂದ ನೋಡುತ್ತಿದ್ದೀರಿ, ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಯ ಬಾರಿ ಕುಡಿದದ್ದು ಎಷ್ಟು ಗಂಟೆಗೆ, ಎಂದಾದರೂ ಫಿಟ್ಸ್ ಬಂದಿತ್ತೇ, ಬಿದ್ದು ತಲೆಗೆ ಪೆಟ್ಟಾಗಿತ್ತೇ, ಕುಡಿಯದ ಹೊತ್ತಿನಲ್ಲೂ ಕಿವಿ ಮುಚ್ಚಿಕೊಳ್ಳುತ್ತಾರೆಯೇ. ತುರ್ತು ವಿಭಾಗದ ಕಿರಿಯ ವೈದ್ಯರಿಗೆ ಈ ಆರು ಸಾಲು ಅಮೂಲ್ಯ, ಏಕೆಂದರೆ ಇವನ್ನು ಹೇಳಬಲ್ಲವರು ನೀವೊಬ್ಬರೇ. ಅದರ ಕೆಳಗೆ ನಿಮ್ಮ ಹೆಸರು ಮತ್ತು ಮೊಬೈಲ್ ಸಂಖ್ಯೆ ಬರೆಯಿರಿ. ವಾರ್ಡಿನಿಂದ ಬಿಡುಗಡೆ ಮಾಡುವ ದಿನ ಯಾರಿಗೆ ತಿಳಿಸಬೇಕೆಂದು ನರ್ಸ್ ಹುಡುಕುವಾಗ ಕಡತದಲ್ಲಿ ಆ ಜಾಗ ಖಾಲಿ ಇರದಿರಲಿ.